ಅತ್ತಿಗೆ ಒಳಗೆ ಬರಲಿಲ್ಲ

ಬೆಳಿಗ್ಗೆ ತುರಿಮಣೆಯ ಮೇಲೆ ಕೂತು ಎರಡನೆಯ ಕಾಯಿಯನ್ನು ಅರ್ಧ ತುರಿದಿದ್ದೆ, ಗೇಟಿನ ಹತ್ತಿರ ವ್ಯಾನಿನ ಹಾರ್ನ್ ಕೇಳಿಸಿತು. ಮೊದಲು ಉದ್ದಕ್ಕೆ, ಆಮೇಲೆ ಚುಟುಕಾಗಿ. ಅದು ನನ್ನ ಅತ್ತಿಗೆ ಕಲೊಲೈನೆಯ ಹಾರ್ನ್. ನನ್ನ ಗಂಡ ಸಾತೆಕಿಯ ಅಕ್ಕ ಅವರು. ತಮ್ಮನ ಮನೆಗೆ ಬರುವಾಗ ಯಾವತ್ತೂ ನೇರ ಅಂಗಳಕ್ಕೆ ಬಂದವರಲ್ಲ. ಗೇಟಿನಲ್ಲೇ ಹಾರ್ನ್ ಹೊಡೆದು ಕಾಯುತ್ತಾರೆ. ಒಳಗೆ ತಮ್ಮ ಬರಿಮೈಯಲ್ಲಿದ್ದರೆ ಅಂಗಿ ತೊಟ್ಟುಕೊಂಡು ಹಿತ್ತಿಲ ಕಡೆ ಸರಿಯಲಿ ಎಂದು. ನಮ್ಮ ಟೊಂಗಾ ದ್ವೀಪಗಳಲ್ಲಿ ಅಕ್ಕ ತಮ್ಮ, ಅಣ್ಣ ತಂಗಿ ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಇದು ಮುನಿಸಲ್ಲ, ಮರ್ಯಾದೆ. ಅದರಲ್ಲೂ ಅಕ್ಕನ ಸ್ಥಾನ ತಮ್ಮನಿಗಿಂತ ಮೇಲು, ತಮ್ಮನ ಮಕ್ಕಳಿಗಂತೂ ಸೋದರತ್ತೆಗಿಂತ ಮೇಲೆ ಇನ್ನೊಬ್ಬರಿಲ್ಲ.

"ಹೊರಡು ವಿಕಾ," ಅಂದರು ವ್ಯಾನಿನ ಕಿಟಕಿಯಿಂದಲೇ. "ಅವನಿಗೂ ಒಂದು ಒಳ್ಳೆ ಅಂಗಿ ಹಾಕ್ಸು. ಆಸ್ಪತ್ರೆಗೆ ಹೋಗೋಣ."

"ಈಗ್ಲೇನಾ ಅತ್ತಿಗೆ? ಕಾಯಿ ಅರ್ಧ ತುರಿದಿದೀನಿ."

"ಕಾಯಿ ಎಲ್ಲಿಗೂ ಓಡಿಹೋಗಲ್ಲ. ನನ್ನ ತಮ್ಮ ಹೋಗ್ತಾನೆ."

ಈಸ್ಟರ್ ಹಬ್ಬದ ಮುಂಚಿನಿಂದಲೂ ಸಾತೆಕಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅವನು ನಮ್ಮ ಚರ್ಚಿನ ಹಾಡುಗಾರರಿಗೆ ಹಾಡು ಕಲಿಸುವವನು. ಮೊದಮೊದಲು ಹೊಸ ಹಾಡುಗಳನ್ನು ಕಟ್ಟುತ್ತಿದ್ದಾನೆ ಎಂದು ಎಲ್ಲರಿಗೂ ಖುಷಿಯೇ ಆಗಿತ್ತು. ಆಮೇಲೆ ಒಂದು ಮಂಗಳವಾರ, ನಸುಕಿಗೂ ಮುಂಚೆ ಚರ್ಚಿನ ಗಂಟೆ ಬಾರಿಸಿದ. ಭಾನುವಾರವೇ ಬಂದುಬಿಟ್ಟಿತೇನೋ ಎಂದು ಅರ್ಧ ಊರು, ಚರ್ಚಿಗೆ ಹೋಗುವಾಗ ಮರ್ಯಾದೆಗೆ ಕಟ್ಟುವ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ಬಂದು ನಿಂತಿತ್ತು. ಅದಾದ ವಾರಕ್ಕೆ ನಮ್ಮ ಹೊಲದ ಬಳ್ಳಿಗೆಣಸನ್ನೆಲ್ಲ ಅಗೆದು ಪಾದ್ರಿಯವರ ಬಾಗಿಲಿಗೆ ಸುರಿದ. ತಡವಾಗಿ ನೆಟ್ಟಿದ್ದು, ಇನ್ನೂ ಬಲಿಯಬೇಕಿತ್ತು. ಒಂದೊಂದು ಗೆಣಸೂ ನನ್ನ ಹೆಬ್ಬೆರಳಿನ ಗಾತ್ರ. ಪಾದ್ರಿಯವರು ಗುಡಿಸಿ ಹಂದಿಗಳಿಗೆ ಹಾಕಿದರಂತೆ.

ಅತ್ತಿಗೆ ಸೊಪ್ಪಿನ ಔಷಧಿಯವಳನ್ನು ಕರೆಸಿದರು. ಸತ್ತವರ ಗಾಳಿ ಸೋಕಿದೆ ಎಂದು ಅವಳು ಕಣ್ಣಿಗೆ, ಮೂಗಿಗೆ ಸೊಪ್ಪಿನ ರಸ ಹಿಂಡಿದಳು. ಸಾತೆಕಿ ವಿನಯದಿಂದ ಹಿಂಡಿಸಿಕೊಂಡು, ವಂದನೆ ಹೇಳಿ, ಅವಳಿಗೂ ಒಂದು ಹಾಡು ಕಲಿಸಿ ಕಳಿಸಿದ.

ಆ ಬೆಳಿಗ್ಗೆ ನಾನು ಹುಡುಕಿಕೊಂಡು ಹೋದಾಗ ಹಿತ್ತಿಲ ಜೀಗುಜ್ಜೆ ಮರದ ಕೆಳಗೆ ಕೋಳಿಗಳನ್ನು ಮುಂದೆ ಕೂಡಿಹಾಕಿಕೊಂಡು ಕೈ ಬೀಸುತ್ತಿದ್ದ.

"ಈ ಹುಂಜಕ್ಕೆ ಶ್ರುತಿ ಅನ್ನೋದೇ ಇಲ್ಲ ಕಣೇ ವಿಕಾ. ಚರ್ಚಿನಲ್ಲಿ ನಿಮ್ಮಣ್ಣ ಇದಾನಲ್ಲ, ಹಾಗೇ."

"ಅಂಗಿ ಹಾಕ್ಕೋ. ನಿಮ್ಮಕ್ಕ ಬಂದಿದಾರೆ."

ಅವನ ಕೈ ಕೆಳಗಿಳಿಯಿತು. ಅಷ್ಟು ದಿನ ಯಾರು ಏನು ಹೇಳಿದರೂ ನಿಲ್ಲದ ಕೈ. ಸುಮ್ಮನೆ ಒಳಗೆ ಹೋಗಿ ಅಂಗಿ ಹಾಕಿಕೊಂಡು, ಸೊಂಟಕ್ಕೆ ಚಾಪೆ ಸುತ್ತಿ, ವ್ಯಾನಿನ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತ. ನಾನೂ ಮಗಳು ಫುಸಿಯೂ ನಡುವಿನ ಸೀಟಿನಲ್ಲಿ. ಫುಸಿಯನ್ನು ಬಿಟ್ಟು ಹೋಗಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತಿಗೆ ಮುಂದೆ ನೋಡಿಕೊಂಡು ವ್ಯಾನ್ ಓಡಿಸಿದರು. ಪೇಟೆ ಮುಟ್ಟುವವರೆಗೆ ಕನ್ನಡಿಯಲ್ಲೂ ಒಮ್ಮೆಯೂ ಹಿಂದೆ ನೋಡಲಿಲ್ಲ.

ಆಸ್ಪತ್ರೆಯ ಹಿಂಭಾಗದಲ್ಲಿ ಮನಸ್ಸಿನ ಕಾಯಿಲೆಯವರಿಗೆ ಬೇರೆಯೇ ಕಟ್ಟಡವಿದೆ. ಉದ್ದನೆಯ ಜಗಲಿ, ಜಗಲಿಗೆ ತೆರೆಯುವ ಬಾಗಿಲುಗಳು. ಮೊದಲ ಬಾಗಿಲು ಡಾಕ್ಟರರದ್ದು. ಡಾಕ್ಟರ್ ಹಿಂಗಾನೊ ಇನ್ನೂ ಚಿಕ್ಕ ಹುಡುಗಿ. ಹುಟ್ಟಿ ಬೆಳೆದದ್ದು ಆಕ್ಲೆಂಡಿನಲ್ಲಿ, ನಮ್ಮ ಭಾಷೆ ಕಲಿತದ್ದು ಅಲ್ಲಿಯ ಚರ್ಚಿನ ಭಾನುವಾರದ ಶಾಲೆಯಲ್ಲಿ. ಹಾಗಾಗಿ ಬಹಳ ಶುದ್ಧವಾಗಿ, ನಿಧಾನವಾಗಿ ಮಾತಾಡುತ್ತಾಳೆ.

ಅತ್ತಿಗೆ ಒಳಗೆ ಬರಲಿಲ್ಲ. ಜಗಲಿಯ ಮೇಲೆ, ಬಾಗಿಲ ಪಕ್ಕದಲ್ಲಿ ತಾವು ತಂದಿದ್ದ ಚಾಪೆ ಹಾಸಿ, ಬಾಗಿಲಿಗೆ ಬೆನ್ನು ಮಾಡಿ ಕೂತು, ಬೀಸಣಿಗೆ ಬೀಸಿಕೊಳ್ಳತೊಡಗಿದರು.

ಡಾಕ್ಟರಿಗೆ ಇದು ಅನುಕೂಲವೇ ಅನ್ನಿಸಿತು. "ಸಾತೆಕಿ, ಈಗ ನಿಮ್ಮ ಹೆಂಡತಿ, ಮಗಳು ಬಿಟ್ಟರೆ ಇಲ್ಲಿ ಯಾರೂ ಇಲ್ಲ. ಅವರೂ ಹೊರಗೆ ಹೋಗಬೇಕಾ?"

ಸಾತೆಕಿ ಬೇಡ ಎಂದು ತಲೆಯಾಡಿಸಿದ.

ಆಕೆ ಎಲ್ಲವನ್ನೂ ಬಿಡಿಸಿ ಹೇಳಿದಳು. "ನೀವು ಇಲ್ಲಿ ಇದ್ದರೆ ನಿಮ್ಮ ಇಷ್ಟದಿಂದ ಇರ್ತೀರಿ. ಹೋಗ್ತೀನಿ ಅಂತ ನೀವು ಹೇಳಿದ ದಿನ ಹೋಗಬಹುದು. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸಿದರೆ ಮಾತ್ರ ನಾನು ತಡೀಬಹುದು. ಅದಕ್ಕೆ ಬೇರೆ ಕಾನೂನಿದೆ, ಗುಟ್ಟಾಗಿ ಮಾಡೋಕಾಗಲ್ಲ, ನಿಮಗೆ ಹೇಳಿಯೇ ಮಾಡಬೇಕು. ಮಾತ್ರೆ ಕೊಡ್ತೀವಿ. ನಿದ್ದೆ ಬರುತ್ತೆ, ಬಾಯಾರುತ್ತೆ, ಕೈ ಸ್ವಲ್ಪ ನಡುಗಬಹುದು. ಮಾತ್ರೆ ಬೇಡ ಅಂತಲೂ ನೀವು ಹೇಳಬಹುದು. ಈಗ ನಾನು ಹೇಳಿದ್ದು ನಿಮಗೇನು ತಿಳೀತು, ನೀವೇ ಹೇಳಿ ನೋಡೋಣ."

ಸಾತೆಕಿ ನೆಟ್ಟಗೆ ಕೂತ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದ. ಒಂದು ಮಾತು ಬಿಡಲಿಲ್ಲ. ಇಷ್ಟದಿಂದ ಇರುವುದು, ಹೋಗುವುದು, ಅಪಾಯ, ಬೇರೆ ಕಾನೂನು, ನಿದ್ದೆ, ಬಾಯಾರಿಕೆ, ಕೈ ನಡುಕ, ಎಲ್ಲವೂ ಆಕೆ ಹೇಳಿದ ಸಾಲಿನಲ್ಲೇ, ಆಕೆ ಉಸಿರು ತೆಗೆದುಕೊಂಡ ಜಾಗದಲ್ಲೇ ಉಸಿರು ತೆಗೆದುಕೊಂಡು. ನಮ್ಮೂರಿನಲ್ಲಿ ಹುಟ್ಟಿದ ಯಾರು ಬೇಕಾದರೂ ಹೀಗೆ ಹೇಳಬಲ್ಲರು. ಮೇ ತಿಂಗಳ ಮೊದಲ ಭಾನುವಾರ ಮಕ್ಕಳ ಹಬ್ಬ. ಮಾತು ಬಂದ ವರ್ಷದಿಂದ ಮೀಸೆ ಬರುವವರೆಗೂ ಪ್ರತಿ ಮಗುವೂ ಬಿಳಿ ಬಟ್ಟೆ ಹಾಕಿಕೊಂಡು ಇಡೀ ಚರ್ಚಿನ ಮುಂದೆ ನಿಂತು ಬೈಬಲಿನ ಪಾಠ ಒಪ್ಪಿಸಬೇಕು. ತಪ್ಪಿದರೆ ಇಡೀ ವರ್ಷ ಊರು ಆಡಿಕೊಳ್ಳುತ್ತದೆ. ಸಾತೆಕಿ ಒಂದು ಸಲವೂ ತಪ್ಪಿದವನಲ್ಲ.

ಡಾಕ್ಟರಿಗೆ ಸಮಾಧಾನವಾಯಿತು. "ತುಂಬಾ ಚೆನ್ನಾಗಿ ಹೇಳಿದಿರಿ. ಹಾಗಾದರೆ, ಇಲ್ಲಿರೋಕೆ ನಿಮಗೆ ಒಪ್ಪಿಗೆಯಾ?"

ಜಗಲಿಯ ಮೇಲೆ ಬೀಸಣಿಗೆಯ ಸದ್ದು ನಿಂತಿತು.

ಸಾತೆಕಿ ಡಾಕ್ಟರ್ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಬಾಗಿಲ ಬಳಿ ನೆಲದ ಮೇಲೆ ಬಿದ್ದಿದ್ದ ಅಕ್ಕನ ನೆರಳನ್ನು ನೋಡಿದ. ಆಮೇಲೆ ಹುಬ್ಬು ಮೇಲಕ್ಕೆತ್ತಿದ. ನಮ್ಮಲ್ಲಿ ಹಾಗೆಂದರೆ ಹೂಂ ಎಂದು.

"ಬಾಯಲ್ಲಿ ಹೇಳಬೇಕು ಸಾತೆಕಿ."

"ಹೂಂ," ಅಂದ.

ಬೀಸಣಿಗೆ ಮತ್ತೆ ಶುರುವಾಯಿತು.

ಫುಸಿ ನನ್ನ ಕಿವಿಗೆ ಬಾಯಿ ಹಚ್ಚಿದಳು. ಅವಳಿಗೆ ಎಂಟು ವರ್ಷ, ಪಿಸುಗುಟ್ಟಿದರೆ ಕಿವಿಯೆಲ್ಲ ಒದ್ದೆ. "ಅಮ್ಮಾ, ಅಪ್ಪ ಬೇಡ ಅನ್ನಬಹುದಾ?"

ನಾನು ಅವಳ ಮೊಣಕಾಲು ಒತ್ತಿದೆ. ಅತ್ತೆಗೆ ಕೇಳಿಸೀತು, ಸುಮ್ಮನಿರು ಅಂತ.

ವಾಪಸು ಬರುವಾಗ ಅತ್ತಿಗೆಯ ಮನಸ್ಸು ಹಗುರವಾಗಿತ್ತು. ದಾರಿಯಲ್ಲಿ ವ್ಯಾನ್ ನಿಲ್ಲಿಸಿ ಫುಸಿಗೆ ಐಸ್‌ಕ್ರೀಮ್ ಕೊಡಿಸಿದರು. "ನೋಡಿದ್ಯಾ ವಿಕಾ, ತಾನಾಗೇ ಒಪ್ಕೊಂಡ. ನಾಳೆ ಯಾರಾದ್ರೂ ಅಕ್ಕ ಹಿಡಿದು ಹಾಕ್ಸಿದ್ಲು ಅನ್ನಲಿ, ನಾನು ಆ ಕೋಣೆಗೆ ಕಾಲೂ ಇಟ್ಟಿಲ್ಲ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಅವರು ಅಲ್ಲಿ ಇರಲೇ ಇಲ್ಲ.

ಮನೆಗೆ ಬಂದಾಗ ಅರ್ಧ ತುರಿದ ಕಾಯಿಯನ್ನು ಕೋಳಿಗಳು ಮುಗಿಸಿದ್ದವು. ಸಂಜೆಗೇ ಫುಸಿ ಮಲಗಿಬಿಟ್ಟಳು, ಪಾತ್ರೆ ತೊಳೆದಿಟ್ಟು ನಾನೂ ಮಲಗಿದೆ. ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಬಂತು. ಎದ್ದ ಮೇಲೆ ಆ ನಿದ್ದೆಯೇ ಸಂಕಟವೂ ಆಯಿತು. ಅವನು ಅಲ್ಲಿದ್ದರೆ ನನಗೆ ನೆಮ್ಮದಿ. ಹಾಗಿರುವಾಗ ಅವನು ನಿಜವಾಗಿ ಒಪ್ಪಿದನೋ ಇಲ್ಲವೋ ಎಂದು ಕೆದಕುವುದಕ್ಕೆ ನನಗೇ ಮನಸ್ಸು ಬಾರದು.

ತಮ್ಮನಿಲ್ಲದ ಮನೆಗೆ ಹಾರ್ನ್ ಬೇಕಿಲ್ಲ. ಅತ್ತಿಗೆ ಈಗ ಮಧ್ಯಾಹ್ನದ ಹೊತ್ತು ನೇರವಾಗಿ ಒಳಗೇ ಬರತೊಡಗಿದರು. ಫುಸಿಗೆ ಹಬ್ಬಕ್ಕೆ ಬಿಳಿ ಬಟ್ಟೆ ಹೊಲಿಯುವುದು, ಪಾಠ ಕಲಿಸುವುದು ಸೋದರತ್ತೆಯ ಕೆಲಸ. ನಾನು ಮರಗೆಣಸಿನ ಸಿಪ್ಪೆ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದೆ.

"ಗಟ್ಟಿಯಾಗಿ! ಹಿಂದಿನ ಸಾಲಿನಲ್ಲಿ ಕಿವಿ ಮಂದ ಇರೋ ಮುದುಕ್ರು ಕೂತಿರ್ತಾರೆ. ಅವರಿಗೆ ಕೇಳಿಸಬೇಕು. ಸೊಳ್ಳೆ ಹಾಡಿದ ಹಾಗೆ ಹೇಳಿದ್ರೆ ಯಾರಿಗೆ ಬೇಕು?"

ಫುಸಿ ಹೊಟ್ಟೆಯಿಂದ ಉಸಿರೆಳೆದು, ಗೋಡೆಯ ಮೇಲಿನ ಹಲ್ಲಿ ಓಡಿಹೋಗುವ ಹಾಗೆ ಒಪ್ಪಿಸಿದಳು.

"ಭಲೇ! ಒಂದಕ್ಷರ ತಪ್ಪಿಲ್ಲ. ಥೇಟ್ ನಿಮ್ಮಪ್ಪ."

"ಅತ್ತೆ, ಇದರಲ್ಲಿ ಕುರಿ ಅಂತ ಬರುತ್ತಲ್ಲ, ಅದು ಅಂಗಡಿ ಫ್ರೀಜರಿನಲ್ಲಿ ಇರುತ್ತಲ್ಲ, ಅದೇನಾ?"

"ಅದು ಸತ್ತ ಮೇಲೆ. ಇದು ಬದುಕಿರೋ ಕುರಿ."

"ಬದುಕಿರೋದು ಹೇಗಿರುತ್ತೆ?"

ಅತ್ತಿಗೆ ಬಾಯಿಯಿಂದ ಗುಂಡುಸೂಜಿ ತೆಗೆದು ಲಂಗದ ಅಂಚಿಗೆ ಚುಚ್ಚಿದರು. "ನಾನೂ ನೋಡಿಲ್ಲ ತಾಯಿ. ಮೊದಲು ಬಾಯಿಗೆ ಬರಲಿ. ಅರ್ಥ ಆಮೇಲೆ ತಾನಾಗಿ ಬರುತ್ತೆ."

ಫುಸಿ ಆಟಕ್ಕೆ ಓಡಿದ ಮೇಲೆ ಅವರು ನನ್ನ ಬಳಿ ಸಾತೆಕಿಯ ಮಾತೆತ್ತುತ್ತಿದ್ದರು. ಊಟ ಮಾಡ್ತಾನಾ, ಹೊದಿಕೆ ಸಾಕಾಗುತ್ತಾ, ಉಗುರು ಕತ್ತರಿಸಿದ್ದಾರಾ. "ಅಮ್ಮ ಹೋದಾಗ ಅವನಿನ್ನೂ ಉಚ್ಚೆ ಹುಯ್ಕೋತಿದ್ದ ಕಣೇ. ಆ ಚಾಪೆಗಳನ್ನೆಲ್ಲ ತೊಳೆದಿದ್ದು ನಾನು. ಈಗ ಹತ್ರ ಹೋಗಿ ಹಣೆ ಮುಟ್ಟಿ ನೋಡೋ ಹಾಗೂ ಇಲ್ಲ." ಹೇಳಿ ಮೂಗು ಒರೆಸಿಕೊಂಡು ಹೊಲಿಗೆಗೆ ಬಾಗುತ್ತಿದ್ದರು. ಅವರ ಪ್ರೀತಿಯ ಬಗ್ಗೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ಅದಕ್ಕೇ ಕಷ್ಟವಾಗಿದ್ದು.

ದಿನ ಬಿಟ್ಟು ದಿನ ನಾನು ಬಸ್ಸಿನಲ್ಲಿ ಆಸ್ಪತ್ರೆಗೆ ಬುತ್ತಿ ಒಯ್ಯುತ್ತಿದ್ದೆ. ಕೆಸುವಿನ ಎಲೆಯಲ್ಲಿ ಕಾಯಿಹಾಲು, ಮಾಂಸ ಸುತ್ತಿ ಬೇಯಿಸಿದ ಲೂ ಅವನಿಗೆ ಇಷ್ಟ. ಮೊದಮೊದಲು ಅವನು ಬರೀ ನಿದ್ದೆ. ಆಮೇಲಾಮೇಲೆ ಮಾವಿನ ಮರದ ಕೆಳಗಿನ ಬೆಂಚಿಗೆ ಬಂದು ಕೂರುವಷ್ಟಾದ. ಮಾತು ನಿಧಾನವಾಗಿತ್ತು, ಆದರೆ ಅವನದ್ದೇ ಮಾತು.

"ಗೆಣಸಿನ ಬಗ್ಗೆ ಪಾದ್ರಿಯವರಿಗೆ ಏನಂತ ಹೇಳ್ಲಿ?" ಅಂತ ಕೇಳಿದ ಒಂದು ದಿನ.

"ಹಂದಿಗಳು ಚೆನ್ನಾಗಿತ್ತು ಅಂದ್ವಂತೆ."

ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದು. ಲೂ ಪೊಟ್ಟಣ ಬಿಚ್ಚುವಾಗ ಅವನ ಕೈ ನಡುಗಿತು. ಕೈಯನ್ನೇ ನೋಡಿಕೊಂಡ. "ಈ ಕೈಯಲ್ಲಿ ತಾಳ ಹೇಗೆ ತೋರಿಸ್ಲಿ? ನಾನು ಒಂದು ಬೀಸಿದ್ರೆ ಅವರು ನಾಲ್ಕು ಹಾಡ್ತಾರೆ." ಒಂದು ತುತ್ತು ತಿಂದು ಕೇಳಿದ: "ವಿಕಾ, ಅಕ್ಕ ನನ್ನನ್ನ ಯಾವಾಗ ಬಿಡ್ತಾಳಂತೆ?"

ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದವಳು ನಿಲ್ಲಿಸಿದೆ. "ಅಕ್ಕ ಯಾಕೆ ಬಿಡಬೇಕು? ನೀನು ಹೋಗ್ತೀನಿ ಅಂದ ದಿನ ಹೋಗಬಹುದು. ಡಾಕ್ಟ್ರು ಹೇಳಿರಲಿಲ್ವಾ?"

"ಹೇಳಿದ್ರಲ್ಲ." ಕಣ್ಣು ಮುಚ್ಚಿ ಒಪ್ಪಿಸಿದ, ಮೊದಲ ದಿನದ ಹಾಗೇ, ಅದೇ ಸಾಲಿನಲ್ಲಿ. "ನೀವು ಇಲ್ಲಿ ಇದ್ದರೆ ನಿಮ್ಮ ಇಷ್ಟದಿಂದ ಇರ್ತೀರಿ... ನನಗೆ ಬಾಯಿಪಾಠ ಇದೆ."

"ಮತ್ತೆ?"

"ಮತ್ತೇನು. ಅದು ಇಲ್ಲಿಯ ಪಾಠ. ನನ್ನನ್ನ ಕರ್ಕೊಂಡು ಬಂದೋಳು ಅಕ್ಕ."

"ನಿನಗೆ ಹೋಗ್ಬೇಕು ಅನ್ಸುತ್ತಾ?"

"ಒಂದೊಂದು ದಿನ ಅನ್ಸುತ್ತೆ. ಒಂದೊಂದು ದಿನ, ಇನ್ನೊಂದು ಸ್ವಲ್ಪ ಇಲ್ಲೇ ಇದ್ರೆ ಒಳ್ಳೇದು ಅನ್ಸುತ್ತೆ. ಯಾವ್ದು ಅನ್ಸಿದ್ರೆ ಏನು ಬಂತು?" ಉಳಿದ ಲೂವನ್ನು ನನ್ನ ಕಡೆ ಸರಿಸಿದ. "ಫುಸಿಗೆ ಕೊಡಬೇಡ, ನನ್ನ ಎಂಜಲು." ಅಪ್ಪ ತಿಂದು ಬಿಟ್ಟದ್ದನ್ನು ಮಕ್ಕಳು ತಿನ್ನುವ ಹಾಗಿಲ್ಲ. ತಲೆ ಅಷ್ಟು ಕೆಟ್ಟಿದ್ದ ದಿನಗಳಲ್ಲೂ ಅವನು ಅದೊಂದನ್ನು ಮರೆತಿರಲಿಲ್ಲ.

ಬುತ್ತಿಯ ಪಾತ್ರೆ ತೊಳೆಯಲು ಹಿಂದಿನ ನಲ್ಲಿಗೆ ಹೋದೆ. ಡಾಕ್ಟರ್ ಹಿಂಗಾನೊ ಅಲ್ಲೇ ತನ್ನ ಚಹಾದ ಲೋಟ ತೊಳೆಯುತ್ತಿದ್ದಳು.

"ಸಾತೆಕಿ ಚೇತರಿಸಿಕೊಳ್ಳುತ್ತಿದ್ದಾರೆ ಅಲ್ವಾ ಅಕ್ಕ?"

"ಹೌದಮ್ಮ." ಪಾತ್ರೆ ಉಜ್ಜುತ್ತಲೇ ಹೇಳಿದೆ. ಕೈಗೆ ಕೆಲಸವಿದ್ದರೆ ಕಷ್ಟದ ಮಾತು ಸುಲಭವಾಗಿ ಬರುತ್ತದೆ. "ಡಾಕ್ಟರೇ, ಅವತ್ತು ನೀವು ಕೇಳಿದ್ದೆಲ್ಲ ಸರಿಯಾಗೇ ಇತ್ತು. ಆದರೆ ಅವನು ಉತ್ತರ ಕೊಟ್ಟಿದ್ದು ನಿಮಗಲ್ಲ."

"ಮತ್ತೆ?"

"ಜಗಲಿಯಲ್ಲಿ ಕೂತಿದ್ರಲ್ಲ, ಅವರಿಗೆ."

"ಅವರು ಹೊರಗಿದ್ರು. ಬೆನ್ನು ಬೇರೆ ಹಾಕಿದ್ರು."

"ಅದಕ್ಕೇ. ಒಳಗೆ ಬಂದು ಎದುರಿಗೆ ಕೂತು ಜಗಳ ಆಡೋ ಹೆಂಡತಿಗೆ ಬೇಕಾದ್ರೆ ಆಗಲ್ಲ ಅಂತಾನೆ, ದಿನಾ ಅಂತಾನೆ. ಮರ್ಯಾದೆಗೆ ಬೆನ್ನು ತಿರುಗಿಸಿ ಕೂತ ಅಕ್ಕನಿಗೆ ಹೇಗೆ ಅಂತಾನೆ?"

ಆಕೆ ನಲ್ಲಿ ನಿಲ್ಲಿಸಿದಳು. "ನನ್ನ ಅಣ್ಣನೂ ನಾನೂ ಒಂದೇ ಸೋಫಾದಲ್ಲಿ ಕೂತು ರಗ್ಬಿ ನೋಡ್ತಾ ಬೆಳೆದ್ವಿ," ಅಂದಳು. "ಅಜ್ಜಿ ಬಂದಾಗ ಮಾತ್ರ ಅವನು ಎದ್ದು ಅಡುಗೆಮನೆಗೆ ಹೋಗ್ತಿದ್ದ. ಯಾಕೆ ಅಂತ ನಾನು ಯಾವತ್ತೂ ಕೇಳಲಿಲ್ಲ." ಲೋಟ ಒರೆಸಿಕೊಂಡಳು. "ಮತ್ತೆ ಕೇಳ್ತೀನಿ. ಗುರುವಾರ ಹೇಗೂ ಕೇಳಲೇಬೇಕು, ಅವರು ಈಗ ಚೆನ್ನಾಗಿ ಯೋಚಿಸ್ತಿದ್ದಾರೆ. ಅವತ್ತು ಅತ್ತಿಗೆಯವರು ಬರದೇ ಇದ್ದರೆ ಒಳ್ಳೇದು."

"ಅವರಿಗೆ ಯಾರು ಹೇಳ್ತಾರೆ?"

"ನಾನು ಹೇಳ್ತೀನಿ. ನಾನು ಡಾಕ್ಟರ್."

"ಹೇಳಿ ನೋಡಿ," ಅಂದೆ.

"ಅವರು ಬೇಡ, ಹೋಗ್ತೀನಿ ಅಂದರೆ ನಿಮಗೆ ಪರವಾಗಿಲ್ವಾ ಅಕ್ಕ?" ಆಕೆ ಹೋಗುತ್ತಿದ್ದವಳು ತಿರುಗಿ ಕೇಳಿದಳು.

ಪಾತ್ರೆಯಲ್ಲಿ ಮಸಿ ಉಳಿದಿರಲಿಲ್ಲ, ಆದರೂ ಉಜ್ಜಿದೆ. "ಹೆದರಿಕೆ ಆಗುತ್ತೆ. ಆದ್ರೂ ಕೇಳಿ."

ಗುರುವಾರ ಅತ್ತಿಗೆ ಬಂದೇ ಬಂದರು. ಮೂರು ದಿನ ಕಳೆದರೆ ಮಕ್ಕಳ ಹಬ್ಬ, ಫುಸಿಯ ಲಂಗದ ಅಂಚು ಇನ್ನೂ ಹೊಲಿಯಬೇಕಿತ್ತು. ಬಟ್ಟೆ, ಸೂಜಿದಾರದ ಡಬ್ಬಿ, ಫುಸಿ, ನಾನು, ಎಲ್ಲವನ್ನೂ ವ್ಯಾನಿಗೆ ತುಂಬಿಕೊಂಡರು. ಜಗಲಿ ಮುಟ್ಟಿದ್ದೇ ಚಾಪೆ ಹಾಸಿ, ಬಾಗಿಲಿಗೆ ಬೆನ್ನು ಮಾಡಿ ಕೂತು, ಫುಸಿಗೆ ಬಿಳಿ ಲಂಗ ತೊಡಿಸಿ ಎದುರಿಗೆ ನಿಲ್ಲಿಸಿಕೊಂಡರು.

ಡಾಕ್ಟರ್ ಹೊರಗೆ ಬಂದು ಅವರ ಮುಂದೆ ಮಂಡಿಯೂರಿ ಕೂತಳು. ದೊಡ್ಡವರ ಮುಂದೆ ನಿಂತು ಮಾತಾಡಬಾರದು ಎಂದು ಅವಳಿಗೂ ಯಾರೋ ಕಲಿಸಿದ್ದರು. "ಅಮ್ಮಾ, ಆಸ್ಪತ್ರೆ ಮುಂದುಗಡೆ ಒಳ್ಳೆ ಕ್ಯಾಂಟೀನ್ ಇದೆ. ತಣ್ಣಗೆ ಫ್ಯಾನ್ ಇದೆ. ನೀವು ಅಲ್ಲಿ ಕೂತರೆ..."

"ಯಾಕೆ ಮಗಳೇ? ನಾನು ಒಳಗೆ ಬಂದಿಲ್ಲವಲ್ಲ."

"ಒಳಗೆ ಬಂದಿಲ್ಲ, ಆದರೆ..."

"ಇಲ್ಲಿ ಬೆಳಕು ಚೆನ್ನಾಗಿದೆ. ಬಿಳಿ ದಾರ, ಬಿಳಿ ಬಟ್ಟೆ, ವಯಸ್ಸಾದ ಕಣ್ಣು." ಅತ್ತಿಗೆ ನಕ್ಕರು. "ನಿಮ್ಮ ತಂದೆ ಯಾವ ಊರಿನವರು ಅಂದ್ರಿ? ಓಹೋ! ಅವರ ಅಕ್ಕ ನನ್ನ ಜೊತೆ ಓದಿದೋಳು. ನಿಮ್ಮ ಸೋದರತ್ತೆ. ಚೆನ್ನಾಗಿದಾಳಾ?"

ಡಾಕ್ಟರ್ ತಲೆ ತಗ್ಗಿತು. "ಚೆನ್ನಾಗಿದಾರೆ," ಅಂದಳು. ಆಮೇಲೆ ಹೇಳಲು ಬಂದದ್ದು ಅವಳ ಬಾಯಿಂದ ಹೊರಡಲಿಲ್ಲ. ಅವಳ ಕಷ್ಟ ಕಂಡೋ ಏನೋ, ಅತ್ತಿಗೆ ದೊಡ್ಡ ಮನಸ್ಸು ಮಾಡಿ ಚಾಪೆಯನ್ನು ಒಂದು ಮಾರು ಆಚೆಗೆ ಎಳೆದುಕೊಂಡರು. ಫುಸಿಯೂ ಎದುರಿನಿಂದ ಅವರ ಪಕ್ಕಕ್ಕೆ ಸರಿಯಬೇಕಾಯಿತು. ಈಗ ಅವಳು ನಿಂತದ್ದು ಸರಿಯಾಗಿ ಹೊಸ್ತಿಲ ಪಕ್ಕ. ಅವಳ ಲಂಗದ ಅಂಚು ಅತ್ತಿಗೆಯ ಕೈಯಲ್ಲಿ, ಮುಖ ಕೋಣೆಯ ಕಡೆ.

ಒಳಗೆ ಸಾತೆಕಿ ಕುರ್ಚಿಯಲ್ಲಿ ಕೂತಿದ್ದ. ನಾನು ಗೋಡೆಗೊರಗಿ ನೆಲದ ಮೇಲೆ. ಡಾಕ್ಟರ್ ಬಾಗಿಲು ಮುಚ್ಚಲು ಹೋಗಿ, ಹೊಸ್ತಿಲ ಬಳಿ ಮಗು ನಿಂತದ್ದು ನೋಡಿ, ಹಾಗೇ ಬಿಟ್ಟು ಬಂದಳು.

"ಸಾತೆಕಿ, ಈ ಸಲ ನಾನು ಹೇಳಿದ್ದನ್ನ ನನಗೇ ವಾಪಸ್ ಹೇಳಬೇಡಿ," ಅಂದಳು. "ನೀವು ನಾಳೆ ಮನೆಗೆ ಹೋದರೆ ಏನಾಗುತ್ತೆ? ಇನ್ನೂ ಸ್ವಲ್ಪ ದಿನ ಇಲ್ಲೇ ಇದ್ದರೆ ಏನಾಗುತ್ತೆ? ನಿಮ್ಮ ಯೋಚನೆಯಲ್ಲಿ ಹೇಳಿ."

ಅವನು ಒಪ್ಪಿಸುವ ಭಂಗಿಗೆ ಕೈಗಳನ್ನು ತೊಡೆಯ ಮೇಲಿಟ್ಟವನು, ಒಪ್ಪಿಸಲು ಏನೂ ಇಲ್ಲ ಎಂದು ತಿಳಿದು ತೆಗೆದ. ಆಮೇಲೆ ಮಾತಾಡಿದ. ಮೊದಲು ತೊದಲಿದ, ಒಂದೆರಡು ಕಡೆ ಹಿಂದೆ ಹೋಗಿ ತಿದ್ದಿಕೊಂಡ.

"ಹೋದರೆ... ಹಬ್ಬಕ್ಕೆ ಮಗಳ ಪಾಠ ಕೇಳಬಹುದು. ಅಲ್ಲ, ಮೊದಲು ಹೊಲ. ಹೊಲ ಖಾಲಿ ಬಿದ್ದಿದೆ, ಮರಗೆಣಸಾದ್ರೂ ನೆಡಬೇಕು. ವಿಕಾ ಒಬ್ಬಳೇ. ಆದರೆ ಮನೇಲಿ ಮಾತ್ರೆ ತಗೊಳ್ತೀನಾ ಅಂತ ನನಗೇ ನಂಬಿಕೆ ಇಲ್ಲ. ಮಾತ್ರೆ ತಗೊಂಡ್ರೆ ಕೈ ನಡುಗುತ್ತೆ, ಕೈ ನಡುಗಿದ್ರೆ ಹಾಡಿಸೋಕಾಗಲ್ಲ, ಅದಕ್ಕೆ ಬಿಟ್ಟುಬಿಡ್ತೀನೇನೋ. ಬಿಟ್ರೆ ಮತ್ತೆ ಗಂಟೆ ಬಾರಿಸ್ತೀನಿ." ಸಣ್ಣಗೆ ನಕ್ಕ. "ಇಲ್ಲೇ ಇದ್ರೆ ನಿದ್ದೆ ಬರುತ್ತೆ. ಆದ್ರೆ ದಿನಾ ಮಾವಿನ ಮರ ನೋಡ್ಕೊಂಡು ಎಷ್ಟು ಅಂತ ಕೂರೋದು? ಬೇರೆ ಮಾತ್ರೆ ಇದ್ರೆ, ಕೈ ನಡುಗದೇ ಇರೋದು, ಅದನ್ನ ಕೇಳ್ಬೇಕು ಅನ್ಕೊಂಡಿದ್ದೆ."

ಡಾಕ್ಟರ್ ಕಣ್ಣು ಅಗಲವಾಯಿತು. ನನಗೂ ಎದೆ ತುಂಬಿ ಬಂತು. ಇದು ಅವನೇ. ಬಿತ್ತನೆಗೆ ಮುಂಚೆ ಮಳೆ, ಮಣ್ಣು, ಬೀಜ ಎಲ್ಲ ತೂಗಿ ನೋಡುತ್ತಿದ್ದ ನನ್ನ ಗಂಡ.

"ಬೇರೆ ಮಾತ್ರೆ ಇದೆ. ಅದರ ಬಗ್ಗೆ ಇವತ್ತೇ ಮಾತಾಡೋಣ," ಅಂದಳು ಡಾಕ್ಟರ್. "ನೀವು ಎರಡೂ ಕಡೆ ಚೆನ್ನಾಗಿ ತೂಗಿ ಹೇಳಿದಿರಿ. ಈಗ ಹೇಳಿ. ಇರ್ತೀರಾ, ಹೋಗ್ತೀರಾ? ನಿಮಗೆ ಏನು ಬೇಕು?"

ಹೊರಗೆ ಸೂಜಿ ನಿಂತಿತು. ಸೂಜಿಗೆ ಸದ್ದಿಲ್ಲ, ಆದರೂ ನಿಂತದ್ದು ನಮಗೆಲ್ಲ ತಿಳಿಯಿತು, ಯಾಕೆಂದರೆ ಅಲ್ಲಿಯವರೆಗೆ ಅತ್ತಿಗೆ ಹೊಲಿಯುತ್ತ ಗುನುಗುತ್ತಿದ್ದ ಹಾಡೂ ನಿಂತಿತು.

ಸಾತೆಕಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು, ನನಗೆ ಕಾಣುತ್ತಿತ್ತು. ಅವನು ಬಾಗಿಲ ಕಡೆ ನೋಡಿದ. ಅಕ್ಕನ ಬೆನ್ನು ಅಲ್ಲಿಂದ ಕಾಣುತ್ತಿರಲಿಲ್ಲ. ನೆರಳೂ ಇರಲಿಲ್ಲ. ಹೊಸ್ತಿಲಿಗೆ ಬಂದಿದ್ದ ಚಾಪೆಯ ಒಂದು ಮೂಲೆ ಮಾತ್ರ.

"ಅಕ್ಕ ಹೇಗೆ ಹೇಳ್ತಾಳೋ ಹಾಗೆ," ಅಂದ.

ಡಾಕ್ಟರ್ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅತ್ತಿಗೆಯ ಮುಂದೆ ಬಾಯಿ ತೆರೆಯುವುದಕ್ಕೆ ನನಗೂ ಬಾರದು. ಜಗಲಿಯಿಂದ ಅತ್ತಿಗೆಯ ಉಸಿರು ಕೇಳಿಸಿತು, ಭಾರ ಇಳಿಸಿದವರ ಉಸಿರಲ್ಲ, ಭಾರ ಹೊತ್ತವರದ್ದು. ಅವರೂ ಏನೂ ಹೇಳಲಿಲ್ಲ. ತಾವು ಅಲ್ಲಿ ಇಲ್ಲವಲ್ಲ, ಹೇಗೆ ಹೇಳುತ್ತಾರೆ?

ಫುಸಿ ಹೊಸ್ತಿಲಲ್ಲಿ ನಿಂತು ಇತ್ತ ಅಪ್ಪನ ಮುಖ ನೋಡಿದಳು, ಅತ್ತ ಅತ್ತೆಯ ಬಾಗಿದ ತಲೆ ನೋಡಿದಳು. ಇಬ್ಬರನ್ನೂ ಒಟ್ಟಿಗೆ ಕಾಣುತ್ತಿದ್ದವಳು ಅವಳೊಬ್ಬಳೇ. ನನ್ನ ಕಡೆಯೂ ನೋಡಿದಳು. ನಾನು ಮೊಣಕಾಲು ಒತ್ತಿ ಸುಮ್ಮನಾಗಿಸುವಷ್ಟು ಹತ್ತಿರದಲ್ಲಿ ಅವಳು ಇರಲಿಲ್ಲ. ಇದ್ದಿದ್ದರೂ ಒತ್ತುತ್ತಿರಲಿಲ್ಲ.

ಲಂಗ ಎಳೆದಂತಾಗಿ ಅತ್ತಿಗೆ ತಲೆಯೆತ್ತಿದರು. "ಅಲ್ಲಾಡಬೇಡ, ಸೂಜಿ ಚುಚ್ಚುತ್ತೆ."

ಫುಸಿ ಅಲ್ಲಾಡಿದಳು. ಪೂರ್ತಿ ಅವರ ಕಡೆ ತಿರುಗಿ, ಕೈಗಳನ್ನು ಪಕ್ಕಕ್ಕೆ ನೇರ ಇಳಿಬಿಟ್ಟು, ಅವರೇ ಕಲಿಸಿದ ಹಾಗೆ ಹೊಟ್ಟೆಯಿಂದ ಉಸಿರೆಳೆದುಕೊಂಡು, ಹಿಂದಿನ ಸಾಲಿನ ಕಿವಿ ಮಂದದವರಿಗೂ ಕೇಳಿಸುವ ದನಿಯಲ್ಲಿ ಕೇಳಿದಳು:

"ಅತ್ತೆ, ಅಪ್ಪ ಬೇಡ ಅನ್ನಬಹುದಾ?"